ಅತ್ತೆಯ ಟೆನ್ಶನ್ ಸೊನ್ನೆ

ಆ ವರ್ಷದ ಶ್ರಾವಣದಲ್ಲಿ ನಮ್ಮ ಮನೆಯವರೆಲ್ಲ ಉಗುಳಿದ್ದೇ ಉಗುಳಿದ್ದು. ನೆಲಕ್ಕಲ್ಲ, ಗೋಡೆಗಲ್ಲ, ಕಿರುಬೆರಳುದ್ದದ ಪ್ಲಾಸ್ಟಿಕ್ ನಳಿಕೆಗಳೊಳಗೆ. ತಂದವಳು ನನ್ನ ನಾದಿನಿ ಪ್ರಣಿತಾ. ಪುಣೆಯಲ್ಲಿ ಜೀವರಸಾಯನದ ಸಂಶೋಧನೆ ಮಾಡುತ್ತಿದ್ದಳು. ಪುಣೆಯಿಂದ ಗೋಕಾಕಕ್ಕೆ ಬರುವವರು ಬಾಕರವಡಿ ತರುತ್ತಾರೆ, ಇವಳು ಥರ್ಮೋಕೋಲ್ ಡಬ್ಬಿ ತುಂಬ ನಳಿಕೆ ತಂದಳು.

"ವೈನಿ, ಇದರಾಗ ಉಗುಳಿದ್ರ ನಿನಗ ಎಷ್ಟು ಟೆನ್ಶನ್ ಐತಿ ಅಂತ ನಂಬರಿನಾಗ ಬರತೈತಿ," ಅಂದಳು.

ಮದುವೆಯಾಗಿ ಬಂದಾಗಿನಿಂದ ನಾನು ಅಂಥ ಒಳ್ಳೆಯ ಸುದ್ದಿ ಕೇಳಿರಲಿಲ್ಲ. ನನಗೆ ಟೆನ್ಶನ್ ಆಗುತ್ತದೆ ಅಂತ ಎಷ್ಟು ಬಾಯಿ ಬಡಿದುಕೊಂಡರೂ ನನ್ನ ಗಂಡ ಶ್ರೇಣಿಕ, "ನಿನಗೇನ ಟೆನ್ಶನ್, ಕುಕ್ಕರ್ ಸೀಟಿ ಎಣಸೂದಾ?" ಅನ್ನುತ್ತಿದ್ದರು. ಬೀಜ ಗೊಬ್ಬರದ ಅಂಗಡಿ ನಡೆಸುವವರಿಗೆ ಮಾತ್ರ ಟೆನ್ಶನ್ ಇರಬೇಕೆಂದು ಅವರ ನಂಬಿಕೆ. ಈಗ ನಂಬರು ಬರುತ್ತದೆ. ಲ್ಯಾಬಿನ ಶಿಕ್ಕಾ ಹೊಡೆಸಿಕೊಂಡು ಬರುತ್ತದೆ. ಆ ಕಾಗದವನ್ನು ಫ್ರೇಮು ಹಾಕಿಸಿ ಅಂಗಡಿಯ ಗಲ್ಲೆಯ ಮೇಲೇ ತೂಗುಹಾಕುವುದೆಂದು ಅಲ್ಲೇ ನಿಶ್ಚಯ ಮಾಡಿಬಿಟ್ಟೆ.

ಪ್ರಣಿತಾ ಬಿಡಿಸಿ ಹೇಳಿದಳು. ಮೈಯಲ್ಲಿ ಕಾರ್ಟಿಸೋಲ್ ಅಂತ ಒಂದು ಹಾರ್ಮೋನು ಇರುತ್ತದೆ. ಬೆಳಗ್ಗೆ ಏರುತ್ತದೆ, ರಾತ್ರಿಗೆ ಇಳಿಯುತ್ತದೆ, ಮನುಷ್ಯನಿಗೆ ತ್ರಾಸು ಹೆಚ್ಚಾದರೆ ಇಳಿಯುವ ಹೊತ್ತಿಗೂ ಇಳಿಯುವುದಿಲ್ಲ. ಅದು ಎಂಜಲಿನಲ್ಲೂ ಬರುತ್ತದೆ, ಸೂಜಿ ಬೇಕಿಲ್ಲ, ರಕ್ತ ಬೇಕಿಲ್ಲ. "ದವಾಖಾನಿಗೆ ಹೋದ್ರ ಅಂಜಿಕಿಗೇ ಏರತೈತಿ. ಮನ್ಯಾಗ, ಹಲ್ಲು ತಿಕ್ಕೂಕಿಂತ ಮೊದಲ, ಹಾಸಿಗ್ಯಾಗ ಕುಂತು ತಗೊಂಡ್ರ ಖರೆ ಗೊತ್ತಾಗತೈತಿ," ಅಂದಳು.

ಅವಳು ಇಷ್ಟೆಲ್ಲ ಹೊತ್ತು ತಂದದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ, ಅವ್ವನ ಮೇಲಿನ ಚಿಂತೆಯಿಂದ. ನನ್ನ ಅತ್ತೆ ಕಮಲಾಬಾಯಿ ಆ ಭಾದ್ರಪದದಲ್ಲಿ ನಮ್ಮ ಜೈನರ ದಶಲಕ್ಷಣ ಪರ್ವದ ಹತ್ತೂ ದಿನ ಉಪವಾಸ ಮಾಡುತ್ತೇನೆಂದು ಹಟ ಹಿಡಿದಿದ್ದರು. ಹತ್ತು ದಿನ ಬಾಯಿಗೆ ಅನ್ನವಿಲ್ಲ. ಹಗಲು ಹೊತ್ತಿನಲ್ಲಿ ಕಾಯಿಸಿ ಆರಿಸಿದ ನೀರು ಮಾತ್ರ. ಅವರ ತವರೂರು ಮಮದಾಪುರದ ಗೆಳತಿ ಚಂಪಾಬಾಯಿ ಅದನ್ನು ಹತ್ತು ವರ್ಷದ ಹಿಂದೆಯೇ ಎರಡು ಸಲ ಮಾಡಿ ಮುಗಿಸಿ, ಹಾರ ಹಾಕಿಸಿಕೊಂಡು, ಜೀಪಿನಲ್ಲಿ ಮೆರವಣಿಗೆ ಮಾಡಿಸಿಕೊಂಡಿದ್ದಳು. ನಮ್ಮತ್ತೆಗೆ ಬಾಣಂತನ, ಮಾವನವರ ಕಾಯಿಲೆ, ಮೊಣಕಾಲು ನೋವು ಅಂತ ಪ್ರತಿ ವರ್ಷ ಒಂದಿಲ್ಲೊಂದು ಅಡ್ಡ ಬಂದು ತಪ್ಪುತ್ತಲೇ ಹೋಗಿತ್ತು. ಸಾಯುವುದರೊಳಗೆ ಒಮ್ಮೆ ಮಾಡಬೇಕು, ಅದೊಂದೇ ಆಸೆ ಅನ್ನುತ್ತಿದ್ದರು. ಹಾರ ಜೀಪಿನ ಆಸೆ ಅಲ್ಲ ಅಂತಲೂ ಅನ್ನುತ್ತಿದ್ದರು. ಅದನ್ನು ನಾನು ಅರ್ಧ ನಂಬುತ್ತಿದ್ದೆ.

ಅವರಿಗೆ ಅರವತ್ತೆರಡು ದಾಟಿತ್ತು. ಮೈ ಬಂದಿತ್ತು. ಮಕ್ಕಳಿಬ್ಬರೂ ಬೇಡವೆಂದರು. ಅತ್ತೆ ಬಗ್ಗಲಿಲ್ಲ. ಕಡೆಗೆ ಪ್ರಣಿತಾ ಒಂದು ಕರಾರು ಹಾಕಿದಳು.

"ಅವ್ವಾ, ಈ ಪರೀಕ್ಷಾ ಮಾಡೂಣು. ನಿನ್ನ ನಂಬರ ಜಾಸ್ತಿ ಬಂತಂದ್ರ ನಿನ್ನ ಮೈ ಮೊದಲ ಸೊರಗೇತಿ ಅಂತ ಅರ್ಥ, ಉಪವಾಸ ಇಲ್ಲ. ಕಡಿಮಿ ಬಂದ್ರ ಮಾಡು, ನಾ ಅಡ್ಡ ಬರಂಗಿಲ್ಲ."

"ಕಡಿಮೀನ ಬರತೈತಿ," ಅಂದರು ಅತ್ತೆ. "ನನ್ನ ಮನಸಿನಾಗ ಏನೂ ಇಲ್ಲವಾ. ನೋಡ್ತಿರು."

"ಔಷಧ ಏನಾರ ತಗೋತೀಯೇನ? ಔಷಧ ತಗೊಂಡ್ರ ನಂಬರ ಹೆಚ್ಚು ಕಡಿಮಿ ಆಕ್ಕೈತಿ."

"ನಾ ಗುಳಿಗಿ ಮುಟ್ಟಾಕಿ ಅಲ್ಲ. ರೂಪಾಲೀನ್ನ ಕೇಳು."

ನಾನು ತಲೆಯಾಡಿಸಿದೆ. ಖರೆ ಮಾತು, ಅತ್ತೆ ತಲೆನೋವಿಗೂ ಗುಳಿಗೆ ನುಂಗಿದವರಲ್ಲ. ಮೊಣಕಾಲಿಗೆ ಒಂದು ಪುಡಿ ತೆಗೆದುಕೊಳ್ಳುತ್ತಿದ್ದರು, ಆದರೆ ಅದು ನಮ್ಮ ಮನೆಯಲ್ಲಿ ಔಷಧದ ಜಾತಿಗೆ ಸೇರಿದ್ದಲ್ಲ. ಅಡುಗೆಮನೆಯಲ್ಲಿ ಜೀರಿಗೆ ಡಬ್ಬಿಯ ಬಾಜೂಕ್ಕೆ ಅದರ ಡಬ್ಬಿ. ಸಾರಿಗೆ ಒಗ್ಗರಣೆ ಹೇಗೋ ಅತ್ತೆಗೆ ಬೆಳಗಿನ ಆ ಚಮಚ ಹಾಗೆ.

ಆರು ವರ್ಷದ ಕೆಳಗೆ ಅವರ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಬಸದಿಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತರೆ ಇವರೊಬ್ಬರೇ ಕುರ್ಚಿಯ ಮೇಲೆ ಕೂತು ನಾಚಿಕೊಳ್ಳುತ್ತಿದ್ದರು. ಆಗ ಯಾರೋ ಮೂಡಲಗಿ ಹಾದಿಯ ಒಂದು ತೋಟದ ಮನೆಯಲ್ಲಿ ಒಬ್ಬ ಪುಡಿ ಕೊಡುತ್ತಾನೆಂದರು. ಅತ್ತೆ ಹೋಗಿ ಅವನನ್ನು ಮತ್ತೆ ಮತ್ತೆ ಕೇಳಿದ್ದರಂತೆ, ಇದರಲ್ಲಿ ಗಡ್ಡೆ ಗೆಣಸು ಇದೆಯಾ, ಜೇನು ಇದೆಯಾ ಅಂತ. ಎರಡೂ ಇಲ್ಲ ಅಂದ. ಜೈನರ ಮನೆಗೆ ಬೇಕಾದ ಪರೀಕ್ಷೆ ಅಷ್ಟಕ್ಕೆ ಮುಗಿಯಿತು. ವಾರದೊಳಗೆ ಮೊಣಕಾಲು ಮಡಚಿತು. ಹಸಿವು ಹೆಚ್ಚಿತು. ಮುಖ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿ ಹೊಳೆಯತೊಡಗಿತು. ಊರ ಹೆಂಗಸರು ಅದನ್ನು ತಪಸ್ಸಿನ ಕಳೆ ಅಂದರು. ಅತ್ತೆ ಅಷ್ಟಕ್ಕೇ ಸುಮ್ಮನಿರುವವರಲ್ಲ, ಮಮದಾಪುರಕ್ಕೆ ಹೋದಾಗಲೆಲ್ಲ ಗೆಳತಿಯರಿಗೂ ಆ ಪುಡಿ ಒಯ್ದು ಹಂಚಿದರು.

ಇನ್ನು ಉಗುಳುವ ಕತೆ. ಮೊದಲ ಜಗಳ ಫ್ರಿಜ್ಜಿನದು. ನಳಿಕೆಗಳನ್ನು ತಣ್ಣಗಿಡಬೇಕು ಅಂದಳು ಪ್ರಣಿತಾ. ಹಾಲಿನ ಪಕ್ಕ ಎಂಜಲು ಇಡುವ ಮಾತು ಕೇಳಿ ಅತ್ತೆ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು. ಕಡೆಗೆ ಹಿತ್ತಲ ಕಟ್ಟೆಯ ಮೇಲೆ ಥರ್ಮೋಕೋಲ್ ಡಬ್ಬಿ, ಅದರಲ್ಲಿ ಬರ್ಫ, ಅದರಲ್ಲಿ ನಳಿಕೆ ಅಂತ ರಾಜಿಯಾಯಿತು. ಎದ್ದ ಕೂಡಲೆ, ಮಧ್ಯಾಹ್ನ, ಸಂಜೆ, ಮಲಗುವಾಗ ಎಲ್ಲರೂ ಹಿತ್ತಲಿಗೆ ಸಾಲು. ನಾನಂತೂ ಉಗುಳುವ ಮೊದಲು ಬೇಕಂತಲೇ ನಮ್ಮವರ ಜೊತೆ ಒಂದು ಸುತ್ತು ಜಗಳ ತೆಗೆದು ಹೋಗುತ್ತಿದ್ದೆ. ನಂಬರು ಏರಲಿ ಅಂತ.

ಡಬ್ಬಿ ಪುಣೆಯ ಲ್ಯಾಬಿಗೆ ಹೋಯಿತು. ಅಲ್ಲಿಂದ ಬಂದ ಫೋನು ಕೇಳಿ ಪ್ರಣಿತಾಳ ಮುಖ ಬಿಳಿಚಿತು.

"ನಳಿಕ್ಯಾಗ ಸಿಮೆಂಟ್ ಬಿದ್ದೈತೇನ ಅಂತ ಕೇಳಾಕತ್ತಾರ. ಎಲ್ಲಾ ಬೂದಿಬಣ್ಣ ಆಗೇತಂತ."

"ಸಿಮೆಂಟ್ ಅಲ್ಲವಾ, ಬೂದಿ," ಅಂದರು ಅತ್ತೆ, ಹೆಸರುಕಾಯಿ ಬಿಡಿಸುತ್ತಾ. "ನಾನ ಹಾಕೇನಿ."

ಪ್ರಣಿತಾ ಫೋನು ಕೆಳಗಿಟ್ಟು ಅವ್ವನ ಕಡೆ ತಿರುಗಿದಳು.

"ಎಂಜಲ ಎರಡ ಘಳಿಗಿ ಹಂಗ ಇಟ್ರ ಅದರಾಗ ಜೀವ ಹುಟ್ಟತಾವ. ಹುಟ್ಟಿ ಸಾಯತಾವ. ಆ ಪಾಪ ಯಾರಿಗೆ? ಬೂದಿ ಉದುರಿಸಿದ್ರ ಹುಟ್ಟೂದಿಲ್ಲ. ಇಷ್ಟು ಓದಿ ಇದು ಗೊತ್ತಿಲ್ಲ ನಿನಗ?"

ತಮ್ಮದಕ್ಕೆ ಮಾತ್ರ ಹಾಕಿದ್ದರೆ ಹೋಗಲಿ, ಒಂದು ನಳಿಕೆಯನ್ನೂ ಬಿಡದೆ ಎಲ್ಲರದಕ್ಕೂ ಒಂದೊಂದು ಚಿಟಿಕೆ ಉದುರಿಸಿದ್ದರು. ಅಂದರೆ ನಾನು ಅಷ್ಟು ಕಷ್ಟಪಟ್ಟು ಜಗಳವಾಡಿ ಗಳಿಸಿದ ನಂಬರೂ ಬೂದಿಪಾಲು. ನನಗೆ ಅಳು ಬಂತು. ನಮ್ಮವರು ಬಿದ್ದು ಬಿದ್ದು ನಕ್ಕರು.

ಎರಡನೇ ಸಲಕ್ಕೆ ಪ್ರಣಿತಾ ಇರಲಿಲ್ಲ. ಪುಣೆಯಲ್ಲಿ ಕೆಲಸವಿತ್ತು, ಅಲ್ಲಿಂದ ದಿಲ್ಲಿಯ ಒಂದು ಸಮ್ಮೇಳನಕ್ಕೆ ಹೋಗಬೇಕಿತ್ತು. ಹೊಸ ನಳಿಕೆಗಳನ್ನು ನನ್ನ ಕೈಗೆ ಕೊಟ್ಟು, "ವೈನಿ, ಈ ಸಲ ಅವ್ವನ ಕೈಗೆ ಡಬ್ಬಿ ಕೊಡಬ್ಯಾಡ, ನೀನ ಬಾಜೂ ಕುಂತು ತಗೋ," ಅಂದು ಹೋದಳು. ನಾನು ಹಾಗೇ ಮಾಡಿದೆ. ಬೆಳಗ್ಗೆ ಅತ್ತೆ ಕಣ್ಣು ಬಿಡುವ ಮೊದಲೇ ಅವರ ಹಾಸಿಗೆಯ ತುದಿಯಲ್ಲಿ ಕೂತಿರುತ್ತಿದ್ದೆ. ಎದ್ದು ನನ್ನ ಮುಖ ನೋಡಿ ಒಮ್ಮೆ ಬೆಚ್ಚುತ್ತಿದ್ದರು, ಆಮೇಲೆ ಉಗುಳುತ್ತಿದ್ದರು. ಅವರ ತುಟಿಯಿಂದ ನಳಿಕೆಗೆ, ನಳಿಕೆಗೆ ಮುಚ್ಚಳ, ಮುಚ್ಚಳ ಹಾಕಿದ್ದು ಸೀದಾ ಬರ್ಫಕ್ಕೆ. ನಡುವೆ ಯಾರ ಚಿಟಿಕೆಗೂ ಜಾಗವಿಲ್ಲ. ಅತ್ತೆ ಆ ಪಾಪಕ್ಕೆ ಪ್ರಾಯಶ್ಚಿತ್ತ ಅಂತ ದಿನಾ ಒಂದು ಜಪಮಾಲೆ ಹೆಚ್ಚಿಗೆ ತಿರುಗಿಸಿದರು.

ಗಣೇಶ ಚೌತಿಯ ದಿನ ಕೊರಿಯರ್ ಬಂತು. ಮರುದಿನವೇ ಪರ್ವ ಶುರು. ನಮ್ಮವರು ಲಕೋಟೆ ಒಡೆದರು. ಹತ್ತನೇ ಇಯತ್ತೆಯ ರಿಸಲ್ಟು ನೋಡುವಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

"ಮುಂಜಾನೀದು. ನಂದು ಹನ್ನೊಂದು," ಅಂದರು. "ರೂಪಾಲಿ, ನಿಂದು ಹದಿನೆಂಟು."

"ನೋಡ್ರಿ," ಅಂದೆ. "ನಾ ಹೇಳಿದ್ನಿಲ್ಲೋ?"

"ಬಾಜೂಕ್ಕ ನಾರ್ಮಲ್ ಅಂತ ಬರದಾರ. ಇಪ್ಪತ್ತರ ಮಟಾ ನಾರ್ಮಲ್ ಅಂತ."

ನನ್ನ ಸಂಸಾರದ ತ್ರಾಸೆಲ್ಲ ನಾರ್ಮಲ್ ಅಂತ ಒಂದು ಮಷೀನು ಬರೆದು ಕಳಿಸಿತ್ತು. ನಾನು ಲಕೋಟೆಯನ್ನು ಕಸಿದುಕೊಂಡು ಮತ್ತೆ ನೋಡಿದೆ. ನಂಬರು ಬದಲಾಗಲಿಲ್ಲ.

"ಅವ್ವಂದು," ಅಂದು ನಮ್ಮವರು ಬಗ್ಗಿ ನೋಡಿದರು. "ಒಂದಕ್ಕಿಂತ ಕಡಿಮಿ. ಮುಂಜಾನೀದೂ ಅಷ್ಟ, ರಾತ್ರೀದೂ ಅಷ್ಟ. ನಾಲ್ಕೂದ್ರಾಗ ಒಂದಕ್ಕಿಂತ ಕಡಿಮಿ."

"ಅಂದ್ರ ಸೊನ್ನಿ ಇದ್ದಂಗ," ಅಂದರು ಅತ್ತೆ.

"ಇದ್ದಂಗ ಏನ, ಸೊನ್ನೀನ."

ಅತ್ತೆ ಎದ್ದು ದೇವರ ಮುಂದೆ ದೀಪ ಹಚ್ಚಿದರು. ಕಣ್ಣಲ್ಲಿ ನೀರು ಬಂದಿತ್ತು. ಕೋಪ, ಮದ, ಮಾಯೆ, ಲೋಭ ಬಿಡಬೇಕು ಅಂತ ಜೀವಮಾನವೆಲ್ಲ ಪ್ರವಚನ ಕೇಳಿದವರು, ಇವರು ಅವನ್ನೆಲ್ಲ ಬಿಟ್ಟಿದ್ದಾರೆ ಅಂತ ಈಗ ಪುಣೆಯ ಲ್ಯಾಬೇ ಬರೆದುಕೊಟ್ಟಿತ್ತು. ನನಗೆ ಹೊಟ್ಟೆಯುರಿಯಿತು, ಅಷ್ಟೇ ಖುಷಿಯೂ ಆಯಿತು. ಇಂಥವರ ಸೊಸೆ ನಾನು ಅನ್ನಿಸಿತು. ಪ್ರಣಿತಾಳಿಗೆ ಫೋನು ಹಚ್ಚಿದರೆ ದಿಲ್ಲಿಯ ರೈಲಿನಲ್ಲಿದ್ದಳು, ಹತ್ತಲಿಲ್ಲ. ಕರಾರಿನ ಪ್ರಕಾರ ಕಡಿಮೆ ಬಂದಿತ್ತಲ್ಲ, ಕೇಳುವುದೇನು. ಅತ್ತೆ ಗೆಳತಿಯರ ಜೊತೆ ವ್ರತಕ್ಕೆ ಕೂರಲು ಸಂಜೆಗೇ ಮಮದಾಪುರಕ್ಕೆ ಹೊರಟರು. ಹೊರಡುವಾಗ ನಾನು ಪುಡಿಯ ಡಬ್ಬಿ ಚೀಲದಲ್ಲಿಟ್ಟರೆ ತೆಗೆದು ವಾಪಸು ಇಟ್ಟರು.

"ಉಪಾಸ ಅಂದ ಮ್ಯಾಲ ಅದೆದಕ? ಬಾಯಿಗೆ ಏನೂ ಇಲ್ಲ ಅಂದ್ರ ಏನೂ ಇಲ್ಲ."

ಮಮದಾಪುರದಲ್ಲಿ ಬಸದಿಯ ಬಾಜೂಕ್ಕೆ ಒಂದು ಉದ್ದನೆಯ ಪಡಸಾಲೆ. ಉಪವಾಸ ಹಿಡಿದ ಹೆಂಗಸರು ಹಗಲೆಲ್ಲ ಅಲ್ಲೇ ಕೂತು ಜಪ ಮಾಡುತ್ತಾರೆ, ಪ್ರವಚನ ಕೇಳುತ್ತಾರೆ. ನಮ್ಮತ್ತೆಯ ಸೊನ್ನೆಯ ಸುದ್ದಿ ಅವರಿಗಿಂತ ಮೊದಲು ಅಲ್ಲಿಗೆ ತಲುಪಿತ್ತು. ಪಕ್ಕದ ಹಳ್ಳಿಯವರೂ ಅವರ ಮುಖ ನೋಡಲು ಬಂದು ಹೋಗುತ್ತಿದ್ದಾರೆ ಅಂತ ಫೋನಿನಲ್ಲಿ ಕೇಳಿ ನಾವು ನಕ್ಕೆವು. ಎರಡನೇ ದಿನ ಸ್ವಲ್ಪ ಸುಸ್ತು ಅಂದರು. ಉಪವಾಸವಲ್ಲವೇ, ಸುಸ್ತಾಗದೆ ಏನಾದೀತು ಅಂದುಕೊಂಡೆವು.

ಮೂರನೇ ದಿನ ಬೆಳಗ್ಗೆ ದಿಲ್ಲಿಯಿಂದ ಪ್ರಣಿತಾಳ ಫೋನು ಬಂತು. ನಾನು ಉತ್ಸಾಹದಿಂದಲೇ ಹೇಳಿದೆ. "ನಿಮ್ಮವ್ವಂದು ಸೊನ್ನಿ ಬಂದೈತಿ. ನನಗ ನಾರ್ಮಲ್ ಅಂದಾರ, ಆ ಲ್ಯಾಬಿನವರ ಮ್ಯಾಲ ಕೇಸ್ ಹಾಕತೇನಿ."

"ಅವ್ವ ಮತ್ತ ಬೂದಿ ಹಾಕಿರಬೇಕು," ಅಂದಳು ಅವಳು ನಗುತ್ತಾ. "ಮುಂಜಾನಿ ಹೊತ್ತಿನಾಗ ಅಷ್ಟು ಕಡಿಮಿ ಯಾರಿಗೂ ಬರಂಗಿಲ್ಲ ವೈನಿ."

"ಹಾಕಿಲ್ಲ. ನಾ ಬಾಜೂ ಕುಂತಿದ್ನಿ."

"ಒಂದು ಚಿಟಿಕಿ, ನಿನಗ ಕಾಣದಂಗ."

"ಪ್ರಣಿತಾ, ಬಾಯಿಂದ ಬಿದ್ದ ಕೂಡ್ಲೆ ನಾನ ಮುಚ್ಚಳ ಹಾಕೇನಿ. ನನ್ನ ಕಣ್ಣ ಮ್ಯಾಲ ನಿನಗ ನಂಬಿಕಿ ಇಲ್ಲೇನ?"

ಅತ್ತ ಕಡೆ ನಗು ನಿಂತಿತು.

"ವೈನಿ, ಹಂಗಾದ್ರ ಆ ನಂಬರ ಖರೆ," ಅಂದಳು. "ಖರೆ ಇದ್ರ ಅದು ಶಾಂತಿ ಅಲ್ಲ. ಮೈ ಆ ಹಾರ್ಮೋನ್ ಮಾಡೂದನ್ನ ಬಿಟ್ಟೇತಿ ಅಂತ ಅರ್ಥ. ಅವ್ವ ಏನಾರ ತಗೋತಾಳೇನ? ಇಂಜೆಕ್ಷನ್, ಮುಲಾಮು, ಏನರೆ?"

"ಏನೂ ಇಲ್ಲ. ಮೊಣಕಾಲಿಗೆ ಆ ಪುಡಿ ಒಂದ—"

ಹೇಳುತ್ತ ಹೇಳುತ್ತಲೇ ನನ್ನ ಕಣ್ಣು ಜೀರಿಗೆಯ ಬಾಜೂಕ್ಕಿದ್ದ ಆ ಡಬ್ಬಿಯ ಮೇಲೆ ಹೋಯಿತು.

"ಯಾವ ಪುಡಿ? ಎಷ್ಟು ವರ್ಷದಿಂದ?"

ಹೇಳಿದೆ. ಮುಖ ಉಬ್ಬಿದ್ದು ಹೇಳಿದೆ. ಕೈಗೆ ಎಲ್ಲಿ ತಾಗಿದರೂ ನೀಲಿಗಟ್ಟುತ್ತಿದ್ದುದು ಹೇಳಿದೆ. ಇವೆಲ್ಲ ಇಷ್ಟು ದಿನ ನನ್ನ ಕಣ್ಣ ಮುಂದೆಯೇ ಇದ್ದವು, ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ.

"ಈಗೂ ತಗೋಳಾಕತ್ತಾಳಿಲ್ಲೋ?" ಪ್ರಣಿತಾ ಕೇಳಿದಳು.

"ಉಪಾಸ ಅಂತ ಬಿಟ್ಟಾರ. ಇವತ್ತಿಗೆ ಮೂರನೇ ದಿನ."

"ವೈನಿ, ಹೋಗು. ಈಗ ಹೋಗು. ಅದರಾಗ ಸ್ಟೀರಾಯ್ಡ್ ಇರಬೇಕು. ಹೊರಗಿಂದ ದಿನಾ ಸಿಗತೈತಿ ಅಂತ ಅವ್ವನ ಮೈ ತನ್ನ ಕೆಲಸ ಬಿಟ್ಟೇತಿ. ಈಗ ಹೊರಗಿಂದೂ ಇಲ್ಲ, ಒಳಗಿಂದೂ ಇಲ್ಲ, ಹೊಟ್ಟ್ಯಾಗ ಅನ್ನಾನೂ ಇಲ್ಲ. ಅವ್ವ ಉಳ್ಯಾಂಗಿಲ್ಲ ವೈನಿ."

ನಾನು ಡಾಕ್ಟರ್ ಆಮ್ರಪಾಲಿಯವರಿಗೆ ಫೋನು ಮಾಡಿದೆ. ಹುಕ್ಕೇರಿ ಕಡೆಯವರು, ನಮ್ಮ ಓಣಿಯ ತುದಿಯಲ್ಲೇ ಅವರ ದವಾಖಾನೆ. ಅರ್ಧ ಕೇಳುವಷ್ಟರಲ್ಲೇ ಅವರಿಗೆ ತಿಳಿಯಿತು. "ಉಪ್ಪು ಸಕ್ಕರಿ ನೀರು ಕುಡಿಸಿ, ಎತ್ತಿ ಹಾಕ್ಕೊಂಡು ಬರ್ರಿ. ಇಂಜೆಕ್ಷನ್ ತಯಾರ ಇಟ್ಟಿರತೇನಿ. ಸಂಜಿ ತನಕಾ ಕಾಯಬ್ಯಾಡ್ರಿ," ಅಂದರು. ನಮ್ಮವರು ಬೀಜದ ಕಂಪನಿಯ ಮೀಟಿಂಗಿಗೆ ಹುಕ್ಕೇರಿಗೆ ಹೋಗಿದ್ದರು. ಸೀದಾ ಮಮದಾಪುರಕ್ಕೆ ಬರ್ರಿ ಅಂತ ಹೇಳಿ, ಅಂಗಡಿಯ ಎದುರಿನ ಸ್ಟ್ಯಾಂಡಿನಿಂದ ಒಂದು ಟಾಟಾ ಸುಮೋ ಹಿಡಿದೆ. ಡ್ರೈವರ್ ಸಾತಪ್ಪ ನನ್ನ ಮುಖ ನೋಡಿ ಬಾಡಿಗೆಯ ಮಾತೇ ಎತ್ತಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ಆ ಸುಮೋ ಹಾರಿತು. ನಾನು ಒಂದು ಕೈಯಲ್ಲಿ ಸೀಟು ಹಿಡಿದು ಇನ್ನೊಂದರಲ್ಲಿ ಬಾಟಲಿಯ ನೀರಿಗೆ ಉಪ್ಪು ಸಕ್ಕರೆ ಕುಲುಕುತ್ತಿದ್ದೆ. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಪಡಸಾಲೆಯಲ್ಲಿ ಅತ್ತೆ ಕಂಬಕ್ಕೆ ಒರಗಿದ್ದರು. ಸುತ್ತ ಹೆಂಗಸರು, ಜಪಮಾಲೆಗಳು. ಬೆಳಗ್ಗೆಯಿಂದ ಕುಡಿದ ನೀರೂ ವಾಂತಿಯಾಗಿತ್ತಂತೆ. "ಒಳಗಿನ ಪಿತ್ತ ಹೊರಗ ಬರಾಕತ್ತೈತಿ, ಛಲೋ ಆತು," ಅಂದಳು ಪಕ್ಕದಲ್ಲಿ ಈ ಸಲವೂ ಉಪವಾಸ ಕೂತಿದ್ದ ಚಂಪಾಬಾಯಿ. ಅವಳ ಧ್ವನಿಯೂ ಬಾವಿಯಿಂದ ಬಂದಂತಿತ್ತು. ನಾನು ಅತ್ತೆಯ ಕೈ ಹಿಡಿದೆ. ತಣ್ಣಗಿತ್ತು, ಬೆವರಿತ್ತು.

"ಅತ್ತಿ, ಏಳ್ರಿ. ಇದನ್ನ ಕುಡೀರಿ, ದವಾಖಾನಿಗೆ ಹೋಗೂಣು."

ಬಾಟಲಿ ನೋಡಿ ಅವರು ಮುಖ ತಿರುವಿದರು. "ಸಕ್ಕರಿ ಐತೇನ ಅದರಾಗ? ವ್ರತ ಕೆಡಸಾಕ ಬಂದೀಯೇನ? ನನಗೇನ ಆಗೇತಿ? ನನ್ನ ನಂಬರ ಸೊನ್ನಿ ಐತಿ."

"ಆ ಸೊನ್ನೀನ ನಿಮ್ಮ ರೋಗ ಅತ್ತಿ."

ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಪ್ರಣಿತಾ ಹೇಳಿದ ಹಾಗೆ ಹೇಳಲು ನನಗೆ ಬರುವುದಿಲ್ಲ, ನನಗೆ ತಿಳಿದ ಹಾಗೆ ಹೇಳಿದೆ. "ಮುಂಜಾನಿ ಎದ್ದು ನಡ್ಯಾಕ ಮೈಯಾಗ ಒಂದು ಮೋಟರ್ ಇರತೈತಿ. ಆ ಪುಡಿಯಾಗ ಸ್ಟೀರಾಯ್ಡ್ ಕಲಸ್ಯಾರ. ಆರು ವರ್ಷ ನೀವು ನಡದದ್ದು ಅದರ ಮ್ಯಾಲ. ನಿಮ್ಮ ಮೋಟರ್ ಜಂಗ ಹಿಡದ ನಿಂತೈತಿ. ಈಗ ಪುಡೀನೂ ಬಂದ ಮಾಡೀರಿ. ಅದಕ್ಕ ಕೈ ಥಣ್ಣಗಾಗ್ಯಾವ."

ಅತ್ತೆ ಮೊಣಕಾಲಿನ ಮೇಲೆ ಕೈಯಿಟ್ಟು ನೋಡಿಕೊಂಡರು. ಆಮೇಲೆ ಕೇಳಿದರು. "ಅಂದ್ರ ನನ್ನ ಮೊಣಕಾಲು?"

"ಪುಡೀದು."

"ಮುಖದ ಮ್ಯಾಲಿನ ಕಳಿ?"

"ಅದೂ ಪುಡೀದು ಅತ್ತಿ."

ಹೆಂಗಸೊಬ್ಬಳಿಗೆ ನಿನ್ನ ಬಂಗಾರ ಹಿತ್ತಾಳೆ ಅಂದರೆ ಜಗಳಕ್ಕೆ ಬರುತ್ತಾಳೆ. ಇವರು ಜಗಳಕ್ಕೂ ಬರಲಿಲ್ಲ. ಕಣ್ಣು ಮುಚ್ಚಿ, "ಇರ್ಲಿ. ಹಿಡದದ್ದು ಹಿಡದಾತು. ಆದದ್ದು ಆಗ್ಲಿ. ಇಲ್ಲೇ ಪ್ರಾಣ ಹೋದ್ರ ಅದಕ್ಕಿಂತ ಪುಣ್ಯ ಏನೈತಿ," ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಪ್ರೀತಿ, ಹೆದರಿಕೆ ಎಲ್ಲ ಸೇರಿ ನನ್ನಲ್ಲಿ ಸಿಟ್ಟಾಗಿಯೇ ಹೊರಬೀಳುತ್ತವೆ, ಏನು ಮಾಡಲಿ.

"ಕೇಳ್ರಿ," ಅಂದೆ. "ನೀವ ಇಲ್ಲಿ ಸತ್ರ ಈ ಮಂದಿ ಎಲ್ಲಾ ಪುಣ್ಯದ ಮರಣ ಅಂತ ಹಾರ ಹಾಕತಾರ. ನಾ ಮಾತ್ರ ಪುಡಿ ತಿಂದ ಸತ್ರು ಅಂತ ಹೇಳತೇನಿ. ಬೆಲ್ಲದ ಬಾಗೇವಾಡಿಯಿಂದ ಗೋಕಾಕದ ಮಟಾ ಹೇಳ್ಕೊಂತ ತಿರಗತೇನಿ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಸೊಸೆ ಅತ್ತೆಗೆ ಆಡುವ ಮಾತೇ ಅದು? ಚಂಪಾಬಾಯಿ ನನ್ನನ್ನು ಬೈಯಲು ಏಳಲು ಹೋದಳು, ಏಳಲಾಗಲಿಲ್ಲ. ನೆಲಕ್ಕೆ ಕೈಯೂರಿ, ಕಣ್ಣು ಕತ್ತಲಿಟ್ಟವಳಂತೆ ಹಾಗೇ ಮತ್ತೆ ಕೂತಳು.

ಅತ್ತೆ ಅದನ್ನು ನೋಡಿದರು. ಚಂಪಾಬಾಯಿಯ ದುಂಡು ಮುಖ ನೋಡಿದರು, ತೆಳ್ಳಗಾದ ತೋಳು ನೋಡಿದರು, ತೋಳಿನ ಮೇಲಿನ ನೀಲಿ ಕಲೆ ನೋಡಿದರು. ಆಮೇಲೆ ಪಡಸಾಲೆಯ ಉದ್ದಕ್ಕೂ ಒಬ್ಬೊಬ್ಬರ ಮುಖ ನೋಡುತ್ತ ಹೋದರು. ಏನು ನೋಡುತ್ತಿದ್ದಾರೆಂದು ನನಗೆ ಹೊಳೆದದ್ದು ಆಗಲೇ. ಈ ಊರಿಗೆ ಆ ಪುಡಿ ತಂದವರು ಅವರೇ.

"ಅದನ್ನ ಕೊಡು," ಅಂದು ಬಾಟಲಿಗೆ ಕೈ ಚಾಚಿದರು.

ನಾನು ತಳ ಹಿಡಿದುಕೊಂಡೆ. ಎಲ್ಲರೂ ನೋಡುತ್ತಿದ್ದಂತೆ, ಬಸದಿಯ ಕಡೆ ಒಮ್ಮೆ ಕೈಮುಗಿದು, ಗುಟುಕು ಗುಟುಕಾಗಿ ಕುಡಿದರು. ಜನ್ಮದ ಆಸೆ ಅದು, ಮೂರನೇ ದಿನಕ್ಕೇ ಮುರಿದುಹೋಯಿತು. ಒಬ್ಬಿಬ್ಬರು ಬಾಯಿಗೆ ಸೆರಗು ಹಿಡಿದರು. ಯಾರೋ, ಸೊನ್ನೆ ಬಂದವರಿಗೇ ತಡೆಯಲಾಗಲಿಲ್ಲ ಅಂತ ಪಿಸುಗುಟ್ಟಿದ್ದು ನನಗೇ ಕೇಳಿಸಿತು, ಅವರಿಗೆ ಕೇಳಿಸದೇ ಇದ್ದೀತೇ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಎದ್ದು ನಿಲ್ಲಲು ಅವರಿಗೆ ಆಗುತ್ತಿರಲಿಲ್ಲ, ಕೂತಲ್ಲಿಂದಲೇ ಮಾತಾಡಿದರು. ಧ್ವನಿ ಸಣ್ಣಗಿತ್ತು, ಅದಕ್ಕೇ ಪಡಸಾಲೆಯೆಲ್ಲ ಮುಂದೆ ಬಾಗಿ ಕೇಳಿತು.

"ನೋಡ್ರವಾ. ನಾ ವ್ರತ ಮುರದೇನಿ. ಡಾಕ್ಟರ ಮುರಸಿಲ್ಲ, ಸೊಸಿ ಮುರಸಿಲ್ಲ, ನಾನ ಮುರದೇನಿ. ನಾ ನಿಮಗ ಕೊಟ್ಟ ಮೂಡಲಗಿ ಪುಡಿಯಾಗ ವಿಷ ಐತಿ. ತಿಂದ್ರೂ ಕೇಡು, ಒಮ್ಮಿಗೇ ಬಿಟ್ರ ಇನ್ನೂ ಕೇಡು. ನನ್ನ ಮುಖದ ಕಳಿ ನೋಡಿ ಇಸ್ಕೊಂಡ್ರಿ ನೀವು. ಅದು ಕಳಿ ಅಲ್ಲ, ಬಾವು. ಆ ಪುಡಿ ತಿಂದು ಇಲ್ಲಿ ಉಪಾಸ ಕುಂತವರು ಯಾರ್ಯಾರು, ಕೈ ಎತ್ರಿ."

ಒಬ್ಬರೂ ಅಲುಗಾಡಲಿಲ್ಲ. ಹತ್ತು ದಿನದ ವ್ರತ, ಊರ ಮುಂದೆ ಹಿಡಿದದ್ದು. ಹೊರಗೆ ಸಾತಪ್ಪ ಹಾರ್ನ್ ಹೊಡೆದ. ನಾನು ಅತ್ತೆಯ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದೆ, ಅವರು ಏಳಲಿಲ್ಲ.

"ನಾ ಎಲ್ಲಾರ ಮುಂದ ಕುಡದೇನಿ," ಅಂದರು. "ನನಗಿಂತ ಹೆಚ್ಚಿನ ನಾಚಿಕಿ ನಿಮಗ ಯಾರಿಗೈತಿ? ನೀವ ಕೈ ಎತ್ತೂ ಮಟಾ ನಾ ಗಾಡಿ ಹತ್ತಾಕಿ ಅಲ್ಲ."

ಆ ಕ್ಷಣ ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು, ಎತ್ತಿ ಹೆಗಲ ಮೇಲೆ ಹಾಕಿಕೊಂಡು ಓಡಬೇಕೆಂದೂ ಅನ್ನಿಸಿತು.

ಚಂಪಾಬಾಯಿಯ ಕೈ ಮೇಲೆ ಬಂತು. ತಲೆ ತಗ್ಗಿಸಿಕೊಂಡೇ ಎತ್ತಿದ್ದಳು, ಬಳೆಗಳು ಮೊಣಕೈವರೆಗೆ ಜಾರಿದವು. ಅವಳ ಹಿಂದೆ ಗೋಡೆಗೆ ಒರಗಿದ್ದ ಮುದುಕಿಯ ಕೈ ಬಂತು. ಬಾಗಿಲ ಬಳಿ ಎರಡು ಕೈ. ಆಮೇಲೆ ಪಿಸುಗುಟ್ಟಿದ್ದವಳದೇ ಒಂದು. ಜಪಮಾಲೆ ಹಿಡಿದ ಕೈಗಳು, ಮಾಲೆಯ ಸಮೇತ, ಒಂದೊಂದಾಗಿ ಪಡಸಾಲೆಯ ಆ ತುದಿಯವರೆಗೆ ಏಳುತ್ತ ಹೋದವು.

ಅತ್ತೆ ಅಷ್ಟನ್ನೂ ನೋಡಿ ಮುಗಿಸಿ ನನ್ನ ಕೈ ಹಿಡಿದುಕೊಂಡರು.

"ರೂಪಾಲಿ," ಅಂದರು, "ಒಂದು ಗಾಡಿ ಸಾಲಂಗಿಲ್ಲ."